ಪೋರ್ಟಿಗೆ ಬೀಗ, ಬಾಗಿಲು ಮಾತ್ರ ತೆರೆದೇ ಇದೆ

ಹದಿನಾಲ್ಕು ವರ್ಷಗಳಿಂದ ಪುಣೆಯಲ್ಲಿ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ಆಫೀಸಿನಲ್ಲಿ ನೀವು ಪೆನ್ ಡ್ರೈವ್ ಚುಚ್ಚಿದಾಗ 'ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ' ಎಂದು ಪರದೆಯ ಮೇಲೆ ಬರುತ್ತದಲ್ಲ, ಆ ಅಡ್ಮಿನಿಸ್ಟ್ರೇಟರು ನಾನೇ, ಇಲ್ಲವೇ ನನ್ನಂಥ ಇನ್ನೊಬ್ಬ. ನೀವು ಮನಸ್ಸಿನಲ್ಲೇ ಬೈದುಕೊಂಡದ್ದು ನಮ್ಮನ್ನೇ. ಹಾಗಾಗಿ ಇದನ್ನು ತಪ್ಪೊಪ್ಪಿಗೆ ಎಂದಾದರೂ ಓದಿಕೊಳ್ಳಿ, ಜಗಳ ಎಂದಾದರೂ ಓದಿಕೊಳ್ಳಿ.

ಹೋದ ವರ್ಷದ ಮಾತು. ನಮ್ಮ ಅಕೌಂಟ್ಸ್ ವಿಭಾಗದಲ್ಲಿ ವಿಜಯಪುರದ ಕಡೆಯ ಹುಡುಗಿಯೊಬ್ಬಳಿದ್ದಳು. ಗುತ್ತಿಗೆ ಕೆಲಸ, ಸೇರಿ ಆರು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಆಕೆ ತನ್ನ ಫೋನನ್ನು ಕೇಬಲ್ಲಿನಿಂದ ಆಫೀಸಿನ ಕಂಪ್ಯೂಟರಿಗೆ ಜೋಡಿಸಿದಳು. ನನ್ನ ಪರದೆಯಲ್ಲಿ ಕೆಂಪು ಸಾಲು ಮೂಡಿತು. ನಿಯಮದ ಪ್ರಕಾರ ಎಚ್.ಆರ್.ಗೆ ವರದಿ ಕಳಿಸಬೇಕು, ಕಳಿಸಿದೆ. ಅರ್ಧ ಗಂಟೆಯಲ್ಲಿ ಆಕೆ ನನ್ನ ಟೇಬಲ್ಲಿನ ಮುಂದೆ ನಿಂತಿದ್ದಳು. "ಸರ, ಚಾರ್ಜಿಗೆ ಹಚ್ಚೀನ್ರಿ ಅಷ್ಟ. ಅವ್ವ ದವಾಖಾನ್ಯಾಗ ಅದಾಳ್ರಿ. ಫೋನ್ ಬಂದ್ ಆದ್ರ ಹೆಂಗ್ರಿ?" ನನ್ನ ಹತ್ತಿರ ಉತ್ತರವಿರಲಿಲ್ಲ. ತಿಂಗಳ ಕೊನೆಗೆ ಆಕೆಯ ಗುತ್ತಿಗೆ ಮುಂದುವರಿಯಲಿಲ್ಲ. ಅದೇ ಕಾರಣ ಎಂದು ಯಾರೂ ಬರೆದು ಕೊಡಲಿಲ್ಲ, ಕೊಡುವುದೂ ಇಲ್ಲ.

ಅದೇ ವಾರ ದೊಡ್ಡ ಸಾಹೇಬರೊಬ್ಬರು ಯಾವುದೋ ಗ್ರಾಹಕರ ಮೀಟಿಂಗಿನಿಂದ ಪೆನ್ ಡ್ರೈವ್ ತಂದಿದ್ದರು. ತೆರೆಯಲಿಲ್ಲ. ಮೇಲಿನಿಂದ ಫೋನ್ ಬಂತು. ಐದು ನಿಮಿಷದಲ್ಲಿ ಅವರ ಪೋರ್ಟ್ ತೆರೆದುಕೊಟ್ಟೆ. ಅರ್ಜಿ ಇಲ್ಲ, ಸಹಿ ಇಲ್ಲ. ಆ ಪೋರ್ಟ್ ಇವತ್ತಿಗೂ ತೆರೆದೇ ಇದೆ.

ಪೋರ್ಟುಗಳಿಗೆ ನಿಯಂತ್ರಣ ಬೇಡ ಎನ್ನುತ್ತಿದ್ದೇನೆ ಎಂದುಕೊಳ್ಳಬೇಡಿ. ಅಪಾಯ ನಿಜವಾದದ್ದೇ. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್, ಇಂಟರ್ನೆಟ್ಟಿಗೆ ಜೋಡಿಸದ ಯಂತ್ರಗಳನ್ನೂ ಪೆನ್ ಡ್ರೈವ್ ಮೂಲಕ ಮುಟ್ಟಬಲ್ಲದಾಗಿತ್ತು. ಇರಾನಿನ ನತಾಂಜ್ ಅಣುಕೇಂದ್ರದ ಸೆಂಟ್ರಿಫ್ಯೂಜ್‌ಗಳನ್ನು ಹಾಳುಗೆಡವಿತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧಕರು 297 ಪೆನ್ ಡ್ರೈವ್‌ಗಳನ್ನು ಅಲ್ಲಲ್ಲಿ ಬೀಳಿಸಿ ಕಾದರು. ಅವುಗಳಲ್ಲಿ ಕಡಿಮೆಯೆಂದರೂ ನೂರಕ್ಕೆ 45ರಲ್ಲಿದ್ದ ಫೈಲುಗಳನ್ನು ಜನ ತೆರೆದೇಬಿಟ್ಟರು. ಬಿದ್ದದ್ದು ಸಿಕ್ಕಿದರೆ ಒಳಗೇನಿದೆ ಎಂದು ನೋಡುವುದು ಮನುಷ್ಯನ ಗುಣ. ಆ ಗುಣವನ್ನು ನಂಬಿಕೊಂಡೇ ದಾಳಿ ಮಾಡುವವರಿದ್ದಾರೆ.

ನನ್ನ ತಕರಾರು ಬೇರೆ. ನಮ್ಮ ಹೆಚ್ಚಿನ ಕಚೇರಿಗಳಲ್ಲಿ ನಡೆಯುತ್ತಿರುವುದು ನಿಯಂತ್ರಣವೇ ಅಲ್ಲ. ಆಡಿಟ್‌ನವನು ಬಂದಾಗ ತೋರಿಸಲು ಹಾಕಿಟ್ಟ ಬೀಗ ಅದು.

ಆ ಬೀಗ ಹೇಗಿರುತ್ತದೆ ಎಂದು ಒಳಗಿನವನಾಗಿ ಹೇಳುತ್ತೇನೆ. ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ಯುಎಸ್‌ಬಿಸ್ಟಾರ್ ಎಂಬ ಒಂದು ನಮೂದು ಇದೆ. ಅದರಲ್ಲಿ 3 ಎಂದಿರುವುದನ್ನು 4 ಮಾಡಿದರೆ ಪೆನ್ ಡ್ರೈವ್ ಓಡಿಸುವ ಡ್ರೈವರು ನಿಂತುಹೋಗುತ್ತದೆ. ಎಷ್ಟೋ ಕಚೇರಿಗಳ 'ಯುಎಸ್‌ಬಿ ನೀತಿ' ಎಂದರೆ ಈ ಒಂದು ಅಂಕಿ, ಅಷ್ಟೇ. ಆದರೆ ಇಂದಿನ ಆಂಡ್ರಾಯ್ಡ್ ಫೋನು ಆ ದಾರಿಯಿಂದ ಬರುವುದೇ ಇಲ್ಲ. ಅದು ಎಂಟಿಪಿ ಎಂಬ ಬೇರೆ ಪದ್ಧತಿಯಲ್ಲಿ ಕಂಪ್ಯೂಟರಿನೊಡನೆ ಮಾತಾಡುತ್ತದೆ. ಅದನ್ನು ಬೇರೆಯಾಗಿಯೇ ತಡೆಯಬೇಕು. ತಡೆಯದ ಕಚೇರಿಯಲ್ಲಿ 8 ಜಿಬಿ ಪೆನ್ ಡ್ರೈವ್ ನಿಷಿದ್ಧ, 128 ಜಿಬಿ ಫೋನಿಗೆ ಸ್ವಾಗತ.

ಫೋನನ್ನೂ ತಡೆದಿರಿ ಎನ್ನೋಣ. ಕೀಬೋರ್ಡು, ಮೌಸನ್ನು ಯಾರೂ ತಡೆಯುವುದಿಲ್ಲ, ತಡೆದರೆ ಕೆಲಸ ನಡೆಯುವುದಿಲ್ಲ. ನೋಡಲು ಪೆನ್ ಡ್ರೈವ್‌ನಂತಿರುವ ಸಾಧನವೊಂದು 'ನಾನು ಕೀಬೋರ್ಡು' ಎಂದು ಕಂಪ್ಯೂಟರಿಗೆ ಸುಳ್ಳು ಹೇಳಿ, ತಾನೇ ಆದೇಶಗಳನ್ನು ಟೈಪು ಮಾಡಬಲ್ಲದು ಎಂದು ಜರ್ಮನಿಯ ಸಂಶೋಧಕರು 2014ರಲ್ಲೇ ತೋರಿಸಿದ್ದಾರೆ. ಬ್ಯಾಡ್ ಯುಎಸ್‌ಬಿ ಎಂದು ಅದರ ಹೆಸರು. ನಮ್ಮ 3-4 ಅಂಕಿಯಾಟಕ್ಕೆ ಇದು ಸಿಕ್ಕುವುದೇ ಇಲ್ಲ. ಅಂದರೆ ನಿಜವಾದ ಕಳ್ಳ ಒಳಗೆ ಬರುತ್ತಾನೆ, ಫೋನು ಚಾರ್ಜಿಗೆ ಹಾಕಿದವಳು ಹೊರಗೆ ಹೋಗುತ್ತಾಳೆ.

ದಾರಿ ಮುಚ್ಚಿದಾಗ ಕೆಲಸ ನಿಲ್ಲುತ್ತದೆಯೇ? ಇಲ್ಲ, ಕಾಲುದಾರಿ ಹುಟ್ಟುತ್ತದೆ. ಚೆನ್ನೈ ಶಾಖೆಗೆ ದೊಡ್ಡ ಫೈಲು ಇವತ್ತೇ ಹೋಗಬೇಕು, ಆಫೀಸಿನ ಮೇಲ್ ಅಷ್ಟು ದೊಡ್ಡದನ್ನು ಹೊರುವುದಿಲ್ಲ, ಪೆನ್ ಡ್ರೈವ್ ಬಂದ್. ಪಾಪದ ಗುಮಾಸ್ತ ಏನು ಮಾಡುತ್ತಾನೆ? ವಾಟ್ಸಾಪ್ ವೆಬ್ ತೆರೆಯುತ್ತಾನೆ. ಇಲ್ಲವೇ ಸ್ವಂತದ ಜಿಮೇಲ್‌ನಿಂದ ಕಳಿಸುತ್ತಾನೆ. ಎರಡೂ ಬಂದಾದರೆ ಪರದೆಯ ಫೋಟೋ ಹೊಡೆಯುತ್ತಾನೆ. ಪೆನ್ ಡ್ರೈವ್ ಇದ್ದಾಗ ಗ್ರಾಹಕರ ಪಟ್ಟಿ ಒಬ್ಬನ ಜೇಬಿನಲ್ಲಿರುತ್ತಿತ್ತು. ಈಗ ಅದು ಮೂರು ಜನರ ಫೋನಿನ ಗ್ಯಾಲರಿಯಲ್ಲಿ, ಮಕ್ಕಳ ಹುಟ್ಟುಹಬ್ಬದ ಫೋಟೋಗಳ ನಡುವೆ ಇರುತ್ತದೆ. ನನ್ನ ದಾಖಲೆಯಲ್ಲಿ ಮಾತ್ರ ಎಲ್ಲವೂ ಹಸಿರು.

ನಾನೂ ಸಾಚಾ ಅಲ್ಲ ಬಿಡಿ. ಕನ್ನಡ ಸಂಘದ ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಯನ್ನು ಪೆನ್ ಡ್ರೈವ್‌ನಲ್ಲಿ ತಂದು ಆಫೀಸಿನ ಪ್ರಿಂಟರಿನಲ್ಲಿ ಇನ್ನೂರು ಪ್ರತಿ ತೆಗೆದವನು ನಾನು. ಹೊರನಾಡಿನ ಕನ್ನಡ ಸಂಘಗಳಲ್ಲಿ ಓಡಾಡಿದವರು ನಗುತ್ತಿರಬಹುದು. ನನ್ನ ಪೋರ್ಟಿಗೆ ಬೀಗ ಇರಲಿಲ್ಲ, ಏಕೆಂದರೆ ಕೀಲಿ ನನ್ನ ಕೈಯಲ್ಲೇ ಇತ್ತು.

ಸಂಪೂರ್ಣ ನಿಷೇಧವನ್ನು ನಮಗಿಂತ ದೊಡ್ಡವರು ಮಾಡಿ ನೋಡಿದ್ದಾರೆ. 2008ರಲ್ಲಿ ಪೆನ್ ಡ್ರೈವ್ ಮೂಲಕ ಹರಡುವ ಮಾಲ್‌ವೇರ್ ಹೊಕ್ಕ ಮೇಲೆ ಅಮೆರಿಕದ ರಕ್ಷಣಾ ಇಲಾಖೆ ಅವುಗಳನ್ನು ಪೂರ್ತಿ ನಿಷೇಧಿಸಿತು. 2010ರ ಆರಂಭದಲ್ಲಿ, ಕಟ್ಟುನಿಟ್ಟಿನ ಷರತ್ತುಗಳೊಡನೆ, ಮಿತವಾಗಿ ಮತ್ತೆ ಬಿಡಬೇಕಾಯಿತು. ಅದೇ ವರ್ಷ ಇರಾಕಿನಲ್ಲಿದ್ದ ಸೈನಿಕರೊಬ್ಬರು, ಈಗಿನ ಚೆಲ್ಸಿ ಮ್ಯಾನಿಂಗ್, ಸಾವಿರಾರು ರಹಸ್ಯ ಕಡತಗಳನ್ನು ಹೊರಗೆ ಒಯ್ದರು. ಪೆನ್ ಡ್ರೈವ್‌ನಲ್ಲಲ್ಲ, ಮೇಲೆ ಲೇಡಿ ಗಾಗಾ ಎಂದು ಬರೆದ ಸಿ.ಡಿ.ಯಲ್ಲಿ. ಮಾಡಿದ್ದು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಬೀಗ ಒಂದು ಕಡೆ ಇತ್ತು, ಬಾಗಿಲು ಇನ್ನೊಂದು ಕಡೆ ಇತ್ತು ಎಂಬುದಷ್ಟೇ ಇಲ್ಲಿ ಮುಖ್ಯ.

2017ರಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಸಿಬ್ಬಂದಿಯೊಬ್ಬರು ಕಳೆದುಕೊಂಡ ಪೆನ್ ಡ್ರೈವ್ ದಾರಿಹೋಕನಿಗೆ ಸಿಕ್ಕಿತು. ಎನ್‌ಕ್ರಿಪ್ಷನ್ ಇಲ್ಲ, ಪಾಸ್‌ವರ್ಡೂ ಇಲ್ಲ. ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ ಮರುವರ್ಷ 1,20,000 ಪೌಂಡ್ ದಂಡ ಹಾಕಿತು. ಆಯುಕ್ತರು ಬೆಟ್ಟು ಮಾಡಿ ತೋರಿಸಿದ ಸಂಗತಿ ಗಮನಿಸಿ: 6,500 ಸಿಬ್ಬಂದಿಯಲ್ಲಿ ಮಾಹಿತಿ ರಕ್ಷಣೆಯ ತರಬೇತಿ ಸಿಕ್ಕಿದ್ದು ನೂರಕ್ಕೆ ಇಬ್ಬರಿಗೆ. ಇದರ ಪಕ್ಕದಲ್ಲೇ ಜಪಾನಿನ ಅಮಗಾಸಾಕಿ ನಗರದ ಕಥೆ ಇಡಿ. 2022ರಲ್ಲಿ ಗುತ್ತಿಗೆಯ ಕೆಲಸಗಾರನೊಬ್ಬ ಊರಿನ ಸುಮಾರು 4,60,000 ಜನರ ವಿವರವಿದ್ದ ಪೆನ್ ಡ್ರೈವ್ ಚೀಲದಲ್ಲಿಟ್ಟುಕೊಂಡು ಕುಡಿಯಲು ಹೋದ, ರಸ್ತೆಯಲ್ಲೇ ಮಲಗಿದ, ಎದ್ದಾಗ ಚೀಲ ಇರಲಿಲ್ಲ. ಆದರೆ ಅದರಲ್ಲಿದ್ದ ಮಾಹಿತಿ ಎನ್‌ಕ್ರಿಪ್ಟ್ ಆಗಿತ್ತು. ಕೆಲವು ದಿನಗಳಲ್ಲಿ ಚೀಲವೂ ಸಿಕ್ಕಿತು. (ಪಾಸ್‌ವರ್ಡಿನಲ್ಲಿ 13 ಅಕ್ಷರಗಳಿವೆ ಎಂದು ನಗರಾಡಳಿತದವರೇ ಪತ್ರಕರ್ತರ ಮುಂದೆ ಹೇಳಿಬಿಟ್ಟರು. ಅಂಥವರು ಎಲ್ಲ ದೇಶಗಳಲ್ಲೂ ಇರುತ್ತಾರೆ.) ಕಳೆದುಹೋಗುವುದನ್ನು ಯಾವ ನೀತಿಯೂ ನಿಲ್ಲಿಸಲಾರದು. ಕಳೆದದ್ದು ಇನ್ನೊಬ್ಬನ ಕೈಯಲ್ಲಿ ತೆರೆಯದಂತೆ ಮಾಡುವುದು ಸಾಧ್ಯ, ಅದಕ್ಕೆ ಬೇಕಾದ ಸೌಲಭ್ಯ ವಿಂಡೋಸ್‌ನ ಪ್ರೊ ಆವೃತ್ತಿಯಲ್ಲೇ ಇದೆ.

ಈ ಕುರುಡು ಬೀಗದಿಂದ ನಿಜಕ್ಕೂ ಪೆಟ್ಟು ತಿನ್ನುವವರ ಬಗ್ಗೆ ಆಡಿಟ್ ವರದಿಗಳಲ್ಲಿ ಒಂದು ಸಾಲೂ ಇರುವುದಿಲ್ಲ. ಹಿಂದೆ ನಾನಿದ್ದ ಕಚೇರಿಯೊಂದಕ್ಕೆ ಕಣ್ಣು ಕಾಣದ ಸಹೋದ್ಯೋಗಿಯೊಬ್ಬರು ಸೇರಿದರು. ಬೆರಳಿನಿಂದ ಓದುವ ಬ್ರೈಲ್ ಡಿಸ್‌ಪ್ಲೇ ಅವರದೇ ಆಗಿತ್ತು, ಯುಎಸ್‌ಬಿಗೆ ಜೋಡಿಸುವಂಥದ್ದು. ಪಟ್ಟಿಯಲ್ಲಿಲ್ಲದ ಸಾಧನ ಎಂದು ಸಿಸ್ಟಮ್ ತಿರಸ್ಕರಿಸಿತು. ವಿನಾಯಿತಿಯ ಅರ್ಜಿಗೆ ನಾಲ್ಕು ಸಹಿ ಬೇಕಿತ್ತು, ಬರಲು ಮೂರು ವಾರ ಹಿಡಿಯಿತು. ಅಷ್ಟು ದಿನ ಅವರು ಇಯರ್‌ಫೋನ್ ಹಾಕಿಕೊಂಡು, ಅಂಕಿಗಳನ್ನು ಕಿವಿಯಲ್ಲೇ ಹಿಡಿದು ಕೆಲಸ ಮಾಡಿದರು. ಅಂಗವಿಕಲ ನೌಕರರಿಗೆ ಬೇಕಾದ ಅನುಕೂಲ ಕಲ್ಪಿಸುವುದು ಉಪಕಾರವಲ್ಲ; ನಮ್ಮ ದೇಶದಲ್ಲಿ ಅದಕ್ಕೆ 2016ರ ಕಾಯ್ದೆಯೇ ಇದೆ. ಸಾಹೇಬರಿಗೆ ಐದು ನಿಮಿಷ, ಇವರಿಗೆ ಮೂರು ವಾರ.

ಹಾಗಾದರೆ ಏನು ಮಾಡಬೇಕು ಎಂದು ನನ್ನಂಥವರು ಕೇಳುತ್ತಾರೆ. ಕೇಳಲಿ. ಹೊರಗಿನ ಡ್ರೈವ್‌ಗಳನ್ನು ಎಲ್ಲರಿಗೂ ಓದಲು ಮಾತ್ರ ಬಿಡಬಹುದು, ಅದೂ ನೆಟ್‌ವರ್ಕಿಗೆ ಜೋಡಿಸದ ಪ್ರತ್ಯೇಕ ಯಂತ್ರವೊಂದರಲ್ಲಿ ತಪಾಸಣೆ ಆದಮೇಲೆ. ಬರೆದು ಒಯ್ಯಬೇಕಾದವರಿಗೆ ಕಂಪನಿಯೇ ಎನ್‌ಕ್ರಿಪ್ಟ್ ಆದ ಡ್ರೈವ್ ಕೊಡಲಿ. ಪ್ರತಿ ಡ್ರೈವ್‌ನ ಸೀರಿಯಲ್ ನಂಬರು ನೋಡಿ ಅದೊಂದನ್ನೇ ಒಳಗೆ ಬಿಡುವುದು ಇಂದಿನ ಯಾವ ಒಳ್ಳೆಯ ತಂತ್ರಾಂಶಕ್ಕೂ ಕಷ್ಟವಲ್ಲ. ದೊಡ್ಡ ಫೈಲು ಕಳಿಸಲು ನೆಟ್ಟಗಿನ ಒಂದು ದಾರಿ ಕೊಡಿ, ವಾಟ್ಸಾಪ್ ತಾನಾಗಿ ಕಡಿಮೆಯಾಗುತ್ತದೆ. ನೀವು ಏನೇನು ದಾಖಲಿಸುತ್ತೀರಿ ಎಂಬುದನ್ನು ನೌಕರರಿಗೆ ಮೊದಲೇ ಹೇಳಿ. ವಿನಾಯಿತಿ ಯಾರಿಗೇ ಕೊಡಿ, ಎಂ.ಡಿ.ಗೇ ಕೊಡಿ, ಅದಕ್ಕೊಂದು ಹೆಸರು, ಕಾರಣ, ಮುಗಿಯುವ ತಾರೀಖು ಇರಲಿ. ನನಗೆ ಗೊತ್ತಿರುವ ಮಟ್ಟಿಗೆ ಜಗಳ ಹತ್ತುವುದು ಈ ಕೊನೆಯ ಮಾತಿಗೇ.

ಇಷ್ಟಕ್ಕೆಲ್ಲ ಜನ ಎಲ್ಲಿದ್ದಾರೆ, ದುಡ್ಡು ಎಲ್ಲಿದೆ ಎನ್ನುವವರಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತೋರಿಸುತ್ತೇನೆ. ಜನರ ಮಾಹಿತಿಗೆ ತಕ್ಕ ರಕ್ಷಣೆ ಕೊಡದ ಸಂಸ್ಥೆಗೆ 250 ಕೋಟಿ ರೂಪಾಯಿಯವರೆಗೂ ದಂಡ ಬೀಳಬಹುದು. ನಾಳೆ ಕೇಸು ಬಿದ್ದಾಗ 'ಚಾರ್ಜಿಗೆ ಹಾಕಿದವಳನ್ನು ಹಿಡಿದಿದ್ದೇವೆ' ಎಂದು ಹೇಳಿ ಪಾರಾಗುವುದು ಕಷ್ಟ.

ಹೋದ ತಿಂಗಳು ನಮ್ಮ ಕಚೇರಿಯ ವಿನಾಯಿತಿ ಪಟ್ಟಿಯನ್ನು ಮೊದಲ ಸಲ ಪೂರ್ತಿ ತೆಗೆದು ನೋಡಿದೆ. 41 ಹೆಸರುಗಳು. 37 ಮ್ಯಾನೇಜರ್ ದರ್ಜೆ ಮತ್ತು ಅದಕ್ಕಿಂತ ಮೇಲಿನವರದು. ಒಂದಕ್ಕೂ ಮುಗಿಯುವ ತಾರೀಖಿಲ್ಲ. ಇಬ್ಬರು ಕೆಲಸ ಬಿಟ್ಟು ಹೋಗಿ ವರ್ಷವಾಗಿದೆ. ಪಟ್ಟಿಯನ್ನು ಮೇಲಿನವರಿಗೆ ಮೇಲ್ ಮಾಡಿದ್ದೇನೆ, ಉತ್ತರ ಬಂದಿಲ್ಲ. ಅಕೌಂಟ್ಸ್ ವಿಭಾಗದ ಗೋಡೆಯ ಪಕ್ಕ ಫೋನು ಚಾರ್ಜ್ ಮಾಡಲೆಂದು ಆರು ಪಾಯಿಂಟಿನ ಒಂದು ಬೋರ್ಡನ್ನು ನಾನೇ ತಂದು ಹಾಕಿಸಿದೆ. 1,140 ರೂಪಾಯಿ. ಬಿಲ್ಲು ಕಳಿಸಿದ್ದೇನೆ, ಅದೂ ಮಂಜೂರಾಗಿಲ್ಲ.