ಉಳಿಗಿಂತ ಮೊದಲು ಹಿಡಿತ

ನನ್ನ ಹೈಸ್ಕೂಲಿನ ಮೇಷ್ಟರಿಗೆ ಎಂಬತ್ತು ತುಂಬಿದಾಗ ಬೀಟೆ ಮರದ ಪೆನ್ನೊಂದನ್ನು ಕೈಯಾರೆ ಕಡೆದು ಕೊಟ್ಟೆ. ಅವರ ಕಣ್ಣು ಆಗಲೇ ಮಂಜಾಗಿತ್ತು. ಹಾಗಾಗಿ ಪೆನ್ನನ್ನು ನೋಡಲಿಲ್ಲ, ಸವರಿದರು. ಹೆಬ್ಬೆರಳು ಕ್ಲಿಪ್ಪಿನ ಕಡೆಯಿಂದ ನಿಧಾನವಾಗಿ ಇಳಿದು ನಡುವಿನ ಬಳೆಯ ಹತ್ತಿರ ಬಂದು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಅಲ್ಲಿಗೇ ಬಂದು ನಿಂತಿತು.

"ಇಲ್ಲೊಂದು ಹೊಸ್ತಿಲು ಇದೆಯಲ್ಲೋ" ಎಂದರು. ಪೆನ್ನನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಂದು ಬದಿ ಸವರಿದರು. "ಈ ಕಡೆ ಇಲ್ಲ. ಆ ಕಡೆ ಮಾತ್ರ ಇದೆ."

ಲೆಕ್ಕದ ಮೇಷ್ಟರಲ್ಲವೆ? ತಪ್ಪು ಎಲ್ಲಿದೆ ಎಂದು ಹೇಳಿ ಸುಮ್ಮನಾದರು. ಯಾಕೆ ಆಯಿತು ಎಂಬುದನ್ನು ಕಂಡುಕೊಳ್ಳುವುದು ಯಾವತ್ತಿನಂತೆ ನನ್ನ ಪಾಲಿಗೇ ಬಂತು.

ಮೊದಲು ನನ್ನ ಕೈಯನ್ನು ಬೈದುಕೊಂಡೆ. ಆಮೇಲೆ ಉಳಿಯನ್ನು. ಉಳಿ ಮಸೆದು ಮತ್ತೆ ಮೂರು ಪೆನ್ನು ಕಡೆದೆ. ಮೂರರಲ್ಲೂ ಅದೇ ಹೊಸ್ತಿಲು: ಒಂದು ಬದಿಯಲ್ಲಿ ಮರ ಬಳೆಗಿಂತ ಎತ್ತರ, ಎದುರು ಬದಿಯಲ್ಲಿ ತಗ್ಗು. ಕೊನೆಗೆ ಪರಿಚಯದ ಲೇತ್ ಮೇಸ್ತ್ರಿಯೊಬ್ಬರ ಶೆಡ್ಡಿಗೆ ಹೋದೆ. ಅವರು ಪೆನ್ನನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ಸರಳು ತಂದಿದೀರಾ?" ಎಂದರು. ಕೊಟ್ಟೆ. ಮೇಜಿನ ಗಾಜಿನ ಮೇಲೆ ಅದನ್ನು ಉರುಳಿಸಿದರು. ಸರಳಿನ ಕೆಳಗೆ ಬೆಳಕಿನ ಗೆರೆಯೊಂದು ತೆರೆಯುತ್ತ ಮುಚ್ಚುತ್ತ ಹೋಯಿತು.

"ಉಳಿ ಬಿಡಿ ಸಾರ್. ಸರಳೇ ಕುಣೀತಾ ಇದೆ" ಎಂದರು.

ಬಿಡುವಿನ ವೇಳೆಯಲ್ಲಿ ಪೆನ್ನು ಕಡೆಯುವ ಹವ್ಯಾಸ ಹಚ್ಚಿಕೊಂಡವರು ನಮ್ಮ ಓದುಗರಲ್ಲೂ ಇದ್ದಾರೆ. ಅವರ ಪ್ರಶ್ನೆಗಳೆಲ್ಲ ಸಾಮಾನ್ಯವಾಗಿ ಯಾವ ಮರ, ಯಾವ ಉಳಿ, ಯಾವ ಪಾಲಿಶು ಎಂಬುದರ ಸುತ್ತಲೇ. ತುಂಡನ್ನು ಲೇತ್‌ನಲ್ಲಿ ಹಿಡಿಯುವುದು ಹೇಗೆ ಎಂದು ಕೇಳುವವರು ಕಡಿಮೆ. ನಾನೂ ಕೇಳಿರಲಿಲ್ಲ. ಪೆಟ್ಟಿಗೆಯ ಜೊತೆ ಬಂದ ಸರಳನ್ನೇ ಹಾಕಿ ತಿರುಗಿಸಿದ್ದೆ.

ಹೊಸಬರಿಗಾಗಿ ಕೆಲಸದ ಕ್ರಮವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮುಕ್ಕಾಲು ಅಂಗುಲ ಚೌಕದ ಮರದ ತುಂಡು. ಅದರ ಉದ್ದಕ್ಕೂ ಒಂದು ತೂತು. ತೆಳ್ಳಗಿನ ಬಾಲ್ ಪೆನ್ನಾದರೆ ೭ ಮಿ.ಮೀ. ಆ ತೂತಿನೊಳಗೆ ಅಂಟು ಹಚ್ಚಿ ಕೂರಿಸಿದ ಹಿತ್ತಾಳೆಯ ಕೊಳವೆ. ಅಂಟು ಒಣಗಿದ ಮೇಲೆ ತುಂಡಿನ ಎರಡೂ ತುದಿಗಳನ್ನು ಕೊಳವೆಯ ಅಂಚಿಗೆ ಸಮವಾಗಿ ಮಟ್ಟಸ ಮಾಡಬೇಕು. ಆಮೇಲೆ ಲೇತ್‌ಗೆ ಏರಿಸಿ ಗುಂಡಗೆ ಕಡೆಯುವುದು. ತೆಳ್ಳಗಿನ ಪೆನ್ನಿಗೆ ಇಂಥವು ಎರಡು ಬೇಕು, ಮೇಲಿನದೊಂದು, ಕೆಳಗಿನದೊಂದು. ಮೂತಿ, ಕ್ಲಿಪ್ಪು, ನಡುವಿನ ಬಳೆ ಎಲ್ಲವೂ ಕೂರುವುದು ಕೊಳವೆಯ ಆಧಾರದ ಮೇಲೆ.

ಇಲ್ಲೇ ಇರುವುದು ವಿಷಯ. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವುದನ್ನು ನೋಡಿದವರು, ಅವರಿಗೆ ಈ ತಾಪತ್ರಯ ಇಲ್ಲವಲ್ಲ ಎಂದು ಕೇಳಬಹುದು. ಅಲ್ಲಿ ಆಲೆ ಮರದ ತುಂಡನ್ನು ಲೇತ್‌ನ ತಿರುಗುವ ತುದಿಯಲ್ಲಿರುವ ಬಟ್ಟಲಿನಂಥ ಚಕ್ಕಿಗೆ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಇನ್ನೊಂದು ತುದಿಗೆ ಆಸರೆಯೇ ಇರುವುದಿಲ್ಲ. ಅದೇ ಹಿಡಿತದಲ್ಲಿ ಕಡೆದು, ಅದೇ ಹಿಡಿತದಲ್ಲಿ ಅರಗಿನ ಕಡ್ಡಿ ಒತ್ತಿ ತಿಕ್ಕಾಟದ ಬಿಸಿಗೆ ಬಣ್ಣ ಹತ್ತಿಸಿ, ಗರಿಯಿಂದ ಹೊಳಪು ತಂದು, ಕೊನೆಗೆ ಕತ್ತರಿಸಿ ತೆಗೆಯುತ್ತಾರೆ. ಮೊದಲಿನಿಂದ ಕಡೆಯವರೆಗೆ ಹಿಡಿತ ಬದಲಾಗುವುದೇ ಇಲ್ಲ. ಕಡೆದದ್ದೆಲ್ಲ ತನ್ನಷ್ಟಕ್ಕೆ ತಾನೇ ಗುಂಡಗಾಗುತ್ತದೆ.

ಪೆನ್ನಿನ ಕಥೆ ಬೇರೆ. ಅದರ ತೂತು ಮೊದಲೇ ಆಗಿಬಿಟ್ಟಿದೆ. ಹೊರಮೈ ಬರಿದೇ ಗುಂಡಗಿದ್ದರೆ ಸಾಲದು, ಆ ತೂತಿನ ಸುತ್ತ ಗುಂಡಗಿರಬೇಕು. ತೂತಿನ ನಡು ಒಂದು ಕಡೆ, ಕಡೆತದ ನಡು ಇನ್ನೊಂದು ಕಡೆ ಆದರೆ ಮರ ನೋಡಲು ಚೆನ್ನಾಗಿಯೇ ಇರುತ್ತದೆ. ಬಳೆ ಕೂರಿಸಿದಾಗ ಹೊಸ್ತಿಲು ಏಳುತ್ತದೆ. ಆದ್ದರಿಂದ ಪೆನ್ನನ್ನು ಹಿಡಿಯಬೇಕಾದದ್ದು ಹೊರಗಿನಿಂದಲ್ಲ, ತೂತಿನಿಂದ.

ಹೀಗೆ ಹಿಡಿಯಲು ಎಲ್ಲರೂ ಮೊದಲು ಕೊಳ್ಳುವುದು ಮ್ಯಾಂಡ್ರೆಲ್. ಕಾಲಂಗುಲಕ್ಕೆ ತುಸು ಕಡಿಮೆ ದಪ್ಪದ ಉಕ್ಕಿನ ಸರಳು. ಅದಕ್ಕೆ ಎರಡು ತುಂಡುಗಳನ್ನೂ ಪೋಣಿಸಿ, ಅಕ್ಕಪಕ್ಕ ಮತ್ತು ನಡುವೆ ಉಕ್ಕಿನ ಬುಷ್‌ಗಳನ್ನಿಟ್ಟು, ತುದಿಯಲ್ಲಿ ನಟ್ಟು ಬಿಗಿಯುತ್ತಾರೆ. ಹಿಂದಿನಿಂದ ಟೇಲ್‌ಸ್ಟಾಕಿನ ಮೊನೆ ಬಂದು ಸರಳಿನ ತುದಿಯ ಕುಳಿಗೆ ಆಸರೆ ಕೊಡುತ್ತದೆ. ಎರಡು ತುಂಡು ಒಟ್ಟಿಗೆ ಕಡೆಯಬಹುದು, ಆಕಾರವೂ ಒಂದೇ ಓಟದಲ್ಲಿ ಬರುತ್ತದೆ. ಕಲಿಯುವವರಿಗೆ ಸುಲಭ. ಆದರೆ ಮೂರು ಕಡೆಯಿಂದ ಕೆಡುವ ವಸ್ತು ಇದು.

ಒಂದು, ನಟ್ಟು. ತುಂಡು ಜಾರುತ್ತದೆಂದು ಹೆದರಿ ಇಕ್ಕಳ ಹಾಕಿ ಬಿಗಿಯುತ್ತೇವೆ. ತುಂಡಿನ ತುದಿ ಮಟ್ಟಸವಾಗಿಲ್ಲದಿದ್ದರೆ ಆ ಬಿಗಿತವೆಲ್ಲ ಒಂದೇ ಬದಿಗೆ ಬಿದ್ದು ಸರಳು ಬಿಲ್ಲಾಗುತ್ತದೆ. ನನ್ನದು ಬಾಗಿದ್ದು ಹೀಗೆಯೇ. ಎರಡು, ಟೇಲ್‌ಸ್ಟಾಕಿನ ಒತ್ತಡ. ತೆಳ್ಳಗಿನ ಸರಳನ್ನು ತುದಿಯಿಂದ ಒತ್ತಿದರೆ ನಡು ಉಬ್ಬುವುದು ಸಹಜ. ಪೊರಕೆ ಕಡ್ಡಿಯನ್ನು ಎರಡು ಬೆರಳಿನ ನಡುವೆ ಒತ್ತಿ ನೋಡಿ. ಮೂರು, ಬುಷ್‌ನ ಸವೆತ. ಉಜ್ಜುಕಾಗದ ಮರವನ್ನಷ್ಟೇ ತಿನ್ನುವುದಿಲ್ಲ, ಬುಷ್ಷನ್ನೂ ತಿನ್ನುತ್ತದೆ. ಹತ್ತಾರು ಪೆನ್ನು ಆದ ಮೇಲೆ ಬುಷ್ಷನ್ನೇ ಅಳತೆಗೋಲೆಂದು ನಂಬಿದರೆ ಪೆನ್ನು ತೆಳುವಾಗಿರುತ್ತದೆ. ವರ್ನಿಯರ್ ಕ್ಯಾಲಿಪರ್‌ನಿಂದ ಬಳೆಯನ್ನೇ ಅಳೆದುಕೊಳ್ಳುವುದು ಕ್ಷೇಮ. ಇದರಿಂದ ಪೆನ್ನು ಸುತ್ತಲೂ ಒಂದೇ ಸಮ ತೆಳುವಾಗುತ್ತದೆ, ಒಂದು ಬದಿಗೆ ಮಾತ್ರ ಅಲ್ಲ. ಮೇಷ್ಟರ ಬೆರಳು ಹೇಳಿದ್ದು ಇದೇ ವ್ಯತ್ಯಾಸವನ್ನು: ಹೊಸ್ತಿಲು ಸುತ್ತಲೂ ಇದ್ದರೆ ಅಳತೆ ತಪ್ಪಿದೆ, ಒಂದೇ ಬದಿಗೆ ಇದ್ದರೆ ನಡು ತಪ್ಪಿದೆ.

ಹಾಗೆಂದು ಮ್ಯಾಂಡ್ರೆಲ್ಲನ್ನು ಎಸೆಯಬೇಕಿಲ್ಲ. ಮೇಸ್ತ್ರಿಯವರು ಹೇಳಿಕೊಟ್ಟ ಮೊದಲ ಉಪಾಯಕ್ಕೆ ಖರ್ಚೇ ಇಲ್ಲ: ಒಂದು ಸಲಕ್ಕೆ ಒಂದೇ ತುಂಡು ಹಾಕಿ, ಸರಳನ್ನು ಗಿಡ್ಡ ಮಾಡಿಕೊಳ್ಳಿ. ಸರಳಿನ ಆಧಾರಗಳ ನಡುವಿನ ಅಂತರ ಅರ್ಧವಾದರೆ, ಅಷ್ಟೇ ಒತ್ತಡಕ್ಕೆ ಅದು ಬಾಗುವುದು ಅರ್ಧವಲ್ಲ, ಎಂಟರಲ್ಲಿ ಒಂದು ಭಾಗ. ಎಂಜಿನಿಯರಿಂಗ್ ಓದುವ ಮಕ್ಕಳು ಮನೆಯಲ್ಲಿದ್ದರೆ ಕೇಳಿ, ಲೆಕ್ಕ ಬಿಡಿಸಿ ತೋರಿಸುತ್ತಾರೆ. ಸರಳನ್ನು ಚಕ್ಕಿನೊಳಕ್ಕೆ ಹಿಂದೆ ಮುಂದೆ ಸರಿಸಿ ಉದ್ದ ಹೊಂದಿಸಿಕೊಳ್ಳುವ ಮ್ಯಾಂಡ್ರೆಲ್‌ಗಳಿವೆ. ಹೊಸದಾಗಿ ಕೊಳ್ಳುವವರು ಅಂಥದನ್ನೇ ಕೊಳ್ಳಿ. ಎರಡನೆಯ ಉಪಾಯ 'ಮ್ಯಾಂಡ್ರೆಲ್ ಸೇವರ್' ಎನ್ನುವ ಟೊಳ್ಳು ಮೊನೆ. ಸರಳು ಅದರೊಳಗೇ ತೂರಿಕೊಳ್ಳುತ್ತದೆ. ಒತ್ತಡ ಸರಳಿನ ತುದಿಗೆ ಬೀಳದೆ ಬುಷ್ಷಿಗೆ ಬೀಳುತ್ತದೆ, ನಟ್ಟಿನ ಕೆಲಸವೂ ಮುಗಿಯುತ್ತದೆ.

ಇನ್ನೂ ನಿಖರ ಬೇಕೆನ್ನುವವರು ಸರಳನ್ನೇ ಬಿಟ್ಟುಬಿಡುತ್ತಾರೆ. ಎರಡು ಮೊನೆಗಳ ನಡುವೆ ಕಡೆಯುವ ಪದ್ಧತಿ ಅದು. ತುಂಡಿನ ಎರಡೂ ತುದಿಗೆ ಒಂದೊಂದು ಬುಷ್. ಅದರ ಹೊರಮುಖದಲ್ಲಿ ೬೦ ಡಿಗ್ರಿ ಕೋನದ ಕುಳಿ. ಮುಂದಿನಿಂದ ೬೦ ಡಿಗ್ರಿಯ ಒಂದು ಮೊನೆ, ಹಿಂದಿನಿಂದ ತಿರುಗುವ ಇನ್ನೊಂದು. ನಡುವೆ ಬಾಗಲು ಸರಳೇ ಇಲ್ಲ. ಹಳೆಯ ಕಾಲದಲ್ಲಿ ಬಿಲ್ಲಿನಿಂದ ತಿರುಗಿಸುವ ಕೈ ಲೇತ್‌ನವರೂ ಮರವನ್ನು ಎರಡು ಕಬ್ಬಿಣದ ಮೊನೆಗಳ ನಡುವೆಯೇ ಹಿಡಿಯುತ್ತಿದ್ದರು.

ಇದಕ್ಕೆ ಮೂರು ಎಚ್ಚರಿಕೆ. ಬುಷ್ ಕೊಳವೆಯೊಳಗೆ ಸಡಿಲವಿರಬಾರದು. ಮರದ ಲೇತ್‌ನ ಜೊತೆ ಬರುವ ಮೊನೆಯ ಕೋನ ೬೦ ಡಿಗ್ರಿಯೇ ಇರುತ್ತದೆಂದು ನಂಬಬಾರದು. ಕೋನ ಹೊಂದದಿದ್ದರೆ ಬುಷ್ಷಿನ ಬಾಯಿ ಹಾಳು. ಮತ್ತೆ ಲೇತ್‌ನ ಎರಡು ಮೊನೆಗಳು ನೇರಕ್ಕೆ ನೇರ ಇರಬೇಕು. ಟೇಲ್‌ಸ್ಟಾಕನ್ನು ಮುಂದೆ ತಳ್ಳಿ, ಮೊನೆಗೆ ಮೊನೆ ಮುಟ್ಟಿಸಿ ನೋಡಿ. ಕೂದಲೆಳೆ ಅತ್ತಿತ್ತ ಆದರೂ ಕಣ್ಣಿಗೆ ಗೊತ್ತಾಗುತ್ತದೆ. ಇಲ್ಲಿ ತುಂಡನ್ನು ತಿರುಗಿಸುವುದು ಮೊನೆಯ ತಿಕ್ಕಾಟವೊಂದೇ. ಉಳಿಯನ್ನು ಒರಟಾಗಿ ಕೊಟ್ಟರೆ ತುಂಡು ನಿಂತುಬಿಡುತ್ತದೆ. ಆಗ ಇನ್ನಷ್ಟು ಬಿಗಿ ಮಾಡಬೇಡಿ. ಉಳಿ ಮಸೆಯಿರಿ, ತೆಳ್ಳಗೆ ಕಡೆಯಿರಿ.

ಚಕ್ಕಿಗೆ ಕೆಲಸವೇ ಇಲ್ಲವೆ? ಇದೆ, ತೂತು ಕೊರೆಯುವಾಗ. ನಾಲ್ಕು ದವಡೆಯ ಚಕ್ಕಿನಲ್ಲಿ ತುಂಡನ್ನು ಕಚ್ಚಿಸಿ ಅದನ್ನು ತಿರುಗಿಸುತ್ತ, ಟೇಲ್‌ಸ್ಟಾಕಿನಲ್ಲಿ ಹಿಡಿದ ಡ್ರಿಲ್ಲನ್ನು ಮುಂದೆ ನೂಕಿದರೆ ತೂತು ನಡುವಿನಲ್ಲಿ ಉಳಿಯುವ ಸಂಭವ ಹೆಚ್ಚು. ಆಗಾಗ ಡ್ರಿಲ್ ಹೊರಗೆಳೆದು ಹೊಟ್ಟು ತೆಗೆಯಬೇಕು. ಇಲ್ಲದಿದ್ದರೆ ಬಿಸಿಗೆ ಮರ ಸೀಳುತ್ತದೆ. ಕೊಳವೆಯೇ ಇಲ್ಲದೆ ಇಡೀ ಪೆನ್ನನ್ನು ಎಬೊನೈಟ್ ಸರಳಿನಿಂದ ಕಡೆಯುವವರಿಗೆ, ಮೈಗೆ ಗಾಯವಾಗದಂತೆ ಸುತ್ತಲೂ ಸಮನಾಗಿ ಅಪ್ಪಿ ಹಿಡಿಯುವ ಕಾಲೆಟ್ ಚಕ್ ಅನುಕೂಲ. ಅದು ಮುಂದಿನ ಮೆಟ್ಟಿಲು, ಮೊದಲ ವರ್ಷಕ್ಕೆ ಬೇಡ.

ಹಾಗಾದರೆ ಯಾವುದನ್ನು ಆರಿಸಿಕೊಳ್ಳಬೇಕು? ಈಗಷ್ಟೇ ಶುರು ಮಾಡಿದ್ದರೆ ಮ್ಯಾಂಡ್ರೆಲ್ಲೇ ಇರಲಿ, ಒಂದು ಸಲಕ್ಕೆ ಒಂದೇ ತುಂಡು. ನಟ್ಟನ್ನು ಬೆರಳಿನಿಂದ ಮಾತ್ರ ಬಿಗಿಯಿರಿ. ತಿಂಗಳಿಗೊಮ್ಮೆ ಸರಳನ್ನು ಗಾಜಿನ ಮೇಲೆ ಉರುಳಿಸಿ. ಮಾರುವುದಕ್ಕೋ, ಬೇಕಾದವರಿಗೆ ಕೊಡುವುದಕ್ಕೋ ಮಾಡುವಾಗ ಮೊನೆಗಳ ನಡುವೆ ಕಡೆಯುವುದಕ್ಕೆ ಬನ್ನಿ. ಯಾವ ದಾರಿಯಾದರೂ ತುಂಡಿನ ತುದಿ ಮಟ್ಟಸವಿರಬೇಕು, ಕೊಳವೆಯೊಳಗೆ ಅಂಟಿನ ಕಣ ಉಳಿದಿರಬಾರದು. ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು ಮರೆಯಬೇಡಿ. ಬೀಟೆಯ ಧೂಳು ಕೆಲವರ ಮೈಗೆ ಆಗುವುದಿಲ್ಲ. ಸಡಿಲ ತೋಳಿನ ಅಂಗಿ, ಹೆಗಲ ಮೇಲಿನ ಟವೆಲ್ಲು ಲೇತ್‌ನ ಹತ್ತಿರ ಸುಳಿಯಬಾರದು.

ನಾನು ಹೊಸ ಮೊನೆ, ಹೊಸ ಬುಷ್ ತರಿಸಿಕೊಂಡು ಅದೇ ಬೀಟೆಯ ಹಲಗೆಯಿಂದ ಮತ್ತೊಂದು ಪೆನ್ನು ಕಡೆದೆ. ಮೇಷ್ಟರ ಮನೆಗೆ ಒಯ್ದಾಗ ಅವರು ಜಗಲಿಯ ಮೇಲೆ ಕುಳಿತಿದ್ದರು. ಏನೂ ಹೇಳದೆ ಕೈಗಿಟ್ಟೆ. ಹೆಬ್ಬೆರಳು ಕ್ಲಿಪ್ಪಿನಿಂದ ಇಳಿಯಿತು, ಬಳೆಯನ್ನು ದಾಟಿತು, ಮೂತಿಯವರೆಗೂ ಹೋಯಿತು. ಪೆನ್ನನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ಸವರಿದರು. ನಾನು ಉಸಿರು ಹಿಡಿದು ನಿಂತಿದ್ದೆ.

"ಹೂಂ" ಎಂದರು. ಆಮೇಲೆ ಪೆನ್ನಿನ ಹಿಂಭಾಗ ತಿರುಗಿಸಿ, ಪಕ್ಕದಲ್ಲಿದ್ದ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಒಂದು ಗೆರೆ ಎಳೆದು ಕೇಳಿದರು:

"ರೀಫಿಲ್ ಹಾಕಿದೀಯೇನೋ?"

ಹಾಕಿರಲಿಲ್ಲ.