ರಿಪೋರ್ಟು ನಾರ್ಮಲ್, ನೋವು ಮಾತ್ರ ಹಾಗೇ ಇದೆ



ನಮ್ಮ ವ್ಯಾಪಾರಿ ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರಿಗೂ ಅರ್ಥವಾಗುವ ಇಂಗ್ಲಿಷ್ ಶಬ್ದ ಒಂದಿದೆ, ‘ನಾರ್ಮಲ್’. ಇಸಿಜಿ ನಾರ್ಮಲ್, ಎಕೋ ನಾರ್ಮಲ್, ಆಂಜಿಯೋಗ್ರಫಿ ನಾರ್ಮಲ್ ಎಂದು ಆಸ್ಪತ್ರೆಯಿಂದ ಫೋನು ಬಂದರೆ ಸಾಕು, ಮನೆಯವರಿಗೆಲ್ಲ ಸಮಾಧಾನ. ಆಗಬೇಕಾದದ್ದೇ. ಆದರೆ ಆ ಒಂದು ಶಬ್ದದಿಂದ ಎಷ್ಟೋ ಸಲ ರೋಗಿಯ ಬಾಯಿಯೂ ಮುಚ್ಚಿಹೋಗುತ್ತದೆ. ಮರುದಿನ ಎದೆ ನೋಯುತ್ತಿದೆ ಎಂದರೆ, “ಇಷ್ಟು ರೊಕ್ಕ ಸುರಿದು ತೋರಿಸಿಲ್ಲವೇ, ಏನೂ ಇಲ್ಲ ಅಂದಾರಲ್ಲ” ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ, ನೋವು ಮುಗಿಯುವುದಿಲ್ಲ. ಇಂಥ ನೋವಿಗೆ ಉತ್ತರ ಹುಡುಕುವ ಬಗೆ ಹೇಗೆಂದು ಈ ತಿಂಗಳು ಬರೆಯುತ್ತಿದ್ದೇವೆ.

ನಾವು ಮೆಟ್ರಿಕ್ ಮುಗಿಸಿ ಅಂಗಡಿಯ ಗಾದಿಯ ಮೇಲೆ ಕುಳಿತವರು, ವೈದ್ಯರಲ್ಲ. ಆದರೆ ಲೆಕ್ಕ ಬರೆಯುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ತೇರೀಜು ಸರಿಯಾಗಿ ತಾಳೆಯಾದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲ ಎನ್ನುವಂತಿಲ್ಲ. ಒಂದು ವ್ಯವಹಾರವನ್ನು ಕಿರ್ದಿಯಲ್ಲಿ ಬರೆಯುವುದೇ ಬಿಟ್ಟಿದ್ದರೆ ಎರಡೂ ಕಡೆಯ ಮೊತ್ತ ಸರಿಯಾಗಿಯೇ ಬರುತ್ತದೆ, ಗಲ್ಲಾದಲ್ಲಿ ಮಾತ್ರ ರೊಕ್ಕ ಕಡಿಮೆ ಇರುತ್ತದೆ. ವೈದ್ಯಕೀಯ ಪರೀಕ್ಷೆಯೂ ಹಾಗೆಯೇ. ತಾನು ನೋಡಿದ್ದನ್ನು ಅದು ಹೇಳುತ್ತದೆ, ನೋಡದೇ ಇದ್ದುದನ್ನು ಹೇಳಲಾರದು.

ಇಸಿಜಿ ಎಂಬುದು ಮಲಗಿದ ಮನುಷ್ಯನ ಹೃದಯದ ವಿದ್ಯುತ್ತನ್ನು ಸುಮಾರು ಹತ್ತು ಸೆಕೆಂಡು ಬರೆದುಕೊಂಡ ಗೆರೆ. ಆ ಹತ್ತು ಸೆಕೆಂಡಿನಲ್ಲಿ ತೊಂದರೆ ಇಲ್ಲದಿದ್ದರೆ ಗೆರೆ ಸರಿಯಾಗಿಯೇ ಬರುತ್ತದೆ. ಹೃದಯಾಘಾತ ನಡೆಯುತ್ತಿರುವಾಗಲೂ ಮೊದಲ ಇಸಿಜಿ ಸರಿಯಾಗಿ ಕಾಣಬಹುದು. ಆದ್ದರಿಂದಲೇ ಒಳ್ಳೆಯ ಆಸ್ಪತ್ರೆಯಲ್ಲಿ ಕೆಲ ಹೊತ್ತು ಬಿಟ್ಟು ಮತ್ತೆ ತೆಗೆಯುತ್ತಾರೆ, ಟ್ರೋಪೋನಿನ್ ಎಂಬ ರಕ್ತಪರೀಕ್ಷೆಯನ್ನೂ ಕೆಲವು ಗಂಟೆಗಳ ಅಂತರದಲ್ಲಿ ಮತ್ತೊಮ್ಮೆ ಮಾಡುತ್ತಾರೆ. ಎಕೋ ಹೃದಯದ ಗೋಡೆ, ಕವಾಟ, ರಕ್ತ ಒತ್ತುವ ಬಲ ಇವನ್ನು ತೋರಿಸುತ್ತದೆ. ಓಡುವ ಪಟ್ಟಿಯ ಮೇಲೆ ನಡೆಸುವ ಟಿಎಂಟಿ ಹೆಂಗಸರಲ್ಲಿ ಗಂಡಸರಲ್ಲಿಯಷ್ಟು ಭರವಸೆಯದಲ್ಲ. ಇನ್ನು ಎಲ್ಲರೂ ಕೊನೆಯ ತೀರ್ಪು ಎಂದು ತಿಳಿಯುವ ಆಂಜಿಯೋಗ್ರಫಿಯಲ್ಲಿ ಕಾಣುವುದು ಹೃದಯದ ದೊಡ್ಡ ರಕ್ತನಾಳಗಳು ಮತ್ತು ಅವುಗಳ ಕೊಂಬೆಗಳು ಮಾತ್ರ. ಅರ್ಧ ಮಿಲಿಮೀಟರಿಗಿಂತ ಸಣ್ಣ ನಾಳಗಳು ಅದರಲ್ಲಿ ಕಾಣುವುದೇ ಇಲ್ಲ. ಸೋಲಾಪುರದ ಹೆದ್ದಾರಿ ಖಾಲಿ ಇರಬಹುದು, ಆದರೆ ಪೇಠೆಯ ಗಲ್ಲಿಯಲ್ಲಿ ಗಾಡಿ ಸಿಕ್ಕಿಬಿದ್ದರೆ ಮಾಲು ಅಂಗಡಿಗೆ ಬರುವುದು ಹೇಗೆ?

ಇದು ಎಲ್ಲೋ ಒಬ್ಬರಿಗೆ ಆಗುವ ಸಂಗತಿಯಲ್ಲ. ಅಮೆರಿಕೆಯಲ್ಲಿ ಆಂಜಿಯೋಗ್ರಫಿ ಮಾಡಿಸಿಕೊಂಡ ಸುಮಾರು 4 ಲಕ್ಷ ಜನರ ದಾಖಲೆಗಳನ್ನು ನೋಡಿ 2010ರಲ್ಲಿ ಒಂದು ವರದಿ ಪ್ರಕಟವಾಯಿತು. ಅವರೆಲ್ಲ ಮೊದಲೇ ಹೃದಯರೋಗಿಗಳೆಂದು ಗೊತ್ತಿದ್ದವರಲ್ಲ, ತುರ್ತಾಗಿ ಬಂದವರೂ ಅಲ್ಲ. ಅವರಲ್ಲಿ ದೊಡ್ಡ ನಾಳಕ್ಕೆ ಅಡ್ಡಿ ಕಂಡದ್ದು ನೂರಕ್ಕೆ 38 ಜನರಲ್ಲಿ ಮಾತ್ರ. ಉಳಿದವರೆಲ್ಲ ಸುಳ್ಳು ನೋವು ಹೇಳಿಕೊಂಡು ಬಂದವರೇ? 1973ರಲ್ಲಿ ಹಾರ್ವೆ ಕೆಂಪ್ ಎಂಬ ವೈದ್ಯರು ಇಂಥ ರೋಗಿಗಳ ತೊಂದರೆಗೆ ‘ಸಿಂಡ್ರೋಮ್ ಎಕ್ಸ್’ ಎಂದರು. ಕಾರಣ ಗೊತ್ತಿಲ್ಲದ್ದಕ್ಕೆ ಎಕ್ಸ್. ಈಗ ಅದರಲ್ಲಿ ಬಹಳಷ್ಟಕ್ಕೆ ಹೆಸರು ಸಿಕ್ಕಿದೆ. ಸಣ್ಣ ನಾಳಗಳು ಬೇಕಾದಾಗ ಸರಿಯಾಗಿ ಅಗಲವಾಗದೆ ಹೃದಯದ ಸ್ನಾಯುವಿಗೆ ರಕ್ತ ಸಾಲದಿರುವುದು ಒಂದು ಬಗೆ. ಚೊಕ್ಕಟವಾಗಿರುವ ದೊಡ್ಡ ನಾಳವೇ ಇದ್ದಕ್ಕಿದ್ದಂತೆ ಸೆಟೆದುಕೊಂಡು ಬಿಗಿಯುವುದು ಇನ್ನೊಂದು. ಈ ಎರಡನೆಯದನ್ನು ಪ್ರಿನ್ಸ್‌ಮೆಟಲ್ ಎಂಬವರು 1959ರಲ್ಲಿಯೇ ವಿವರಿಸಿದ್ದರು. ಇದು ಕೆಲಸ ಮಾಡುವಾಗ ಬರುವ ನೋವಲ್ಲ, ಸುಮ್ಮನಿದ್ದಾಗ, ಹೆಚ್ಚಾಗಿ ರಾತ್ರಿ ಅಥವಾ ಬೆಳಗಿನ ಜಾವ ಬರುತ್ತದೆ. ರೋಗಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸೆಟೆತ ಬಿಟ್ಟಿರುತ್ತದೆ, ಇಸಿಜಿ ನಾರ್ಮಲ್!

ನಮ್ಮ ವೈನಿಯವರ ವಿಷಯ ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇವೆ. 2019ರಲ್ಲಿ ಅವರಿಗೆ 58 ವರ್ಷ. ಹಪ್ಪಳ ಒಣಗಿಸಲು ಮಾಳಿಗೆ ಹತ್ತಿದರೆ ಎದೆ ಹಿಡಿದುಕೊಳ್ಳುತ್ತಿತ್ತು, ಕೆಳಗಿಳಿದು ಕುಳಿತರೂ ಅರ್ಧ ತಾಸು ಬಿಡುತ್ತಿರಲಿಲ್ಲ. ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಆದವು. ನಾಳಗಳು ಚೊಕ್ಕಟ. ಮನೆಯಲ್ಲಿ ಪೇಢೆ ಹಂಚಿದರು. ಅಲ್ಲಿನ ವೈದ್ಯರು ಆಮ್ಲಪಿತ್ತದ ಮಾತ್ರೆ ಬರೆದುಕೊಟ್ಟು, “ಅಮ್ಮನಿಗೆ ಟೆನ್ಶನ್ ಜಾಸ್ತಿ, ಯಾತ್ರೆಗೆ ಕರೆದುಕೊಂಡು ಹೋಗಿ” ಎಂದು ಮಗನಿಗೆ ಹೇಳಿ ಕಳುಹಿಸಿದರು. ಯಾತ್ರೆಗೂ ಹೋದದ್ದಾಯಿತು. ಕುಂಭೋಜ ಬಾಹುಬಲಿಯಲ್ಲಿ ಮನೆಮಂದಿಯೆಲ್ಲ ಬೆಟ್ಟ ಹತ್ತಿದರೆ ವೈನಿಯವರು ಕೆಳಗೆ ಚಪ್ಪಲಿ ಕಾಯುತ್ತ ಕುಳಿತರು. ಹತ್ತು ಮೆಟ್ಟಿಲಿಗೇ ಎದೆ ಬಿಗಿದಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಆಮೇಲೆ ಒಂದು ದಿನ ನಮಗೆ ಹೇಳಿದರು: “ಏನೂ ಇಲ್ಲ ಅಂದ್ರ, ನಾ ಸುಳ್ಳ ಹೇಳ್ತೀನಿ ಅಂತ ಆತಲ್ಲ ಭಾವುಜಿ.”

ಎರಡು ವರ್ಷ ಹೀಗೇ ಹೋಯಿತು. 2021ರಲ್ಲಿ ಸೊಸೆಯ ತವರಿನ ಕಡೆಯವರು ಹೇಳಿದ ಒಬ್ಬ ವೈದ್ಯೆಯ ಬಳಿ ಹೋದಾಗ ಅವರು ಮೊದಲು ಯಂತ್ರ ಹಚ್ಚಲಿಲ್ಲ, ಕಾಲು ತಾಸು ಕೂರಿಸಿ ಕೇಳಿದರು. ಯಾವಾಗ ಬರುತ್ತದೆ, ಏನು ಮಾಡುವಾಗ, ಎಷ್ಟು ಹೊತ್ತು, ಹೇಗೆ ಹೋಗುತ್ತದೆ? ರಕ್ತ ನೋಡಿದರೆ ಹಿಮೋಗ್ಲೋಬಿನ್ ಒಂಬತ್ತರ ಆಸುಪಾಸು, ಬಿ-12 ಕಡಿಮೆ. ಹಳೆಯ ಆಂಜಿಯೋಗ್ರಫಿಯ ಸಿಡಿ ತರಿಸಿ ನೋಡಿ, ಪುಣೆಯಲ್ಲಿ ಇನ್ನೊಬ್ಬ ಹೃದಯತಜ್ಞರ ಬಳಿ ಕಳುಹಿಸಿದರು. ಅಲ್ಲಿ ಅಡೆನೋಸಿನ್ ಎಂಬ ಔಷಧ ಕೊಟ್ಟು ಹೃದಯದ ರಕ್ತದ ಹರಿವು ಎಷ್ಟು ಪಟ್ಟು ಏರುತ್ತದೆಂದು ಅಳೆದರು. ಎರಡು ಪಟ್ಟಾದರೂ ಏರಬೇಕಾದದ್ದು ಏರಲಿಲ್ಲ. ಸಣ್ಣ ನಾಳಗಳ ತೊಂದರೆ ಎಂದು ಆಗ ನಿಶ್ಚಯವಾಯಿತು. ಮಾತ್ರೆ ಬದಲಾದವು, ರಕ್ತ ತುಂಬಿತು, ದಿನಾ ನಿಧಾನವಾಗಿ ನಡೆಯಲು ಹೇಳಿದರು. ನೋವು ಪೂರ್ತಿ ಹೋಗಿಲ್ಲ, ತಿಂಗಳಿಗೆ ಒಂದೆರಡು ಸಲ ಬರುತ್ತದೆ. ಮಾಳಿಗೆ ಮಾತ್ರ ಹತ್ತುತ್ತಾರೆ.

ಪರೀಕ್ಷೆ ಮಾಡಿ ಇಂಥದ್ದೇ ಎಂದು ತಿಳಿದು ಔಷಧ ಕೊಟ್ಟರೆ ಗುಣ ಹೆಚ್ಚು ಎಂಬುದಕ್ಕೆ ಆಧಾರವಿದೆ. ಸ್ಕಾಟ್ಲೆಂಡಿನಲ್ಲಿ ನಾಳಕ್ಕೆ ಅಡ್ಡಿಯಿಲ್ಲದ 151 ಎದೆನೋವಿನ ರೋಗಿಗಳ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಸಣ್ಣ ನಾಳಗಳ ಪರೀಕ್ಷೆ ಮಾಡಿ, ಒಂದು ಗುಂಪಿನವರಿಗೆ ಮಾತ್ರ ಅದರ ಫಲಿತಾಂಶ ನೋಡಿ ಔಷಧ ಕೊಟ್ಟರು. ಆರು ತಿಂಗಳ ಮೇಲೆ ಅವರಿಗೆ ನೋವು ಕಡಿಮೆಯಾಗಿತ್ತು, ದಿನದ ಬದುಕೂ ಸುಧಾರಿಸಿತ್ತು. ಬಗೆ ತಿಳಿಯುವುದು ಏಕೆ ಮುಖ್ಯವೆಂದರೆ, ಸಣ್ಣ ನಾಳದ ತೊಂದರೆಗೆ ಕೊಡುವ ಕೆಲವು ಮಾತ್ರೆಗಳು ಸೆಟೆತದ ಬಗೆಯಲ್ಲಿ ನೋವನ್ನು ಹೆಚ್ಚಿಸಬಹುದು. ಈ ಪರೀಕ್ಷೆಗಳು ಎಲ್ಲ ಊರಿನಲ್ಲೂ ಸಿಗುವುದಿಲ್ಲ, ಖರ್ಚೂ ಇದೆ. ಸಿಗದ ಕಡೆ ಅನುಭವಿ ವೈದ್ಯರು ಲಕ್ಷಣ ನೋಡಿಯೇ ಔಷಧ ಕೊಟ್ಟು ಪರಿಣಾಮ ಕಾಯುತ್ತಾರೆ. ಅದೂ ಒಪ್ಪುವಂಥದ್ದೇ. ಆದರೆ ಅದಕ್ಕೆ ನಾವು ಕೇಳಬೇಕಲ್ಲ. “ದೊಡ್ಡ ನಾಳ ಸರಿ ಇವೆ, ಸಂತೋಷ. ಹಾಗಾದರೆ ಈ ನೋವು ಏತರದು ಡಾಕ್ಟರೇ?” ಎಂದು ಕೇಳಿದರೆ ಯಾರೂ ಸಿಟ್ಟಾಗುವುದಿಲ್ಲ. ಸಿಟ್ಟಾಗುವವರಿದ್ದರೆ ಇನ್ನೊಬ್ಬರನ್ನು ಕೇಳಬಹುದು.

ಗಡಿಭಾಗದ ನಮಗೆ ಇನ್ನೊಂದು ತೊಡಕಿದೆ. ಜತ್ತ, ಅಕ್ಕಲಕೋಟೆ ಕಡೆಯ ನಮ್ಮ ತಾಯಂದಿರು ಮಾತಾಡುವುದು ಕನ್ನಡ. ಮಿರಜ, ಸಾಂಗ್ಲಿ, ಪುಣೆಗೆ ಹೋದರೆ ವೈದ್ಯರ ಮಾತು ಮರಾಠಿ, ಬರಹ ಇಂಗ್ಲಿಷು. ತಾಯಿ, “ಎದಿ ಮ್ಯಾಲ ಬೀಸೋ ಕಲ್ಲ ಇಟ್ಟಂಗ ಆಗ್ತದ, ಕುತ್ತಿಗಿತನಕ ಹಿಚುಕಿದಂಗ ಏರ್ತದ” ಎಂದು ಹೇಳಿರುತ್ತಾಳೆ. ನಡುವೆ ನಿಂತ ಮಗ ಅದನ್ನು “ಛಾತೀತ ದುಖತೆ” ಎಂದು ಎರಡು ಶಬ್ದದಲ್ಲಿ ಮುಗಿಸುತ್ತಾನೆ. ರೋಗದ ಗುರುತೆಲ್ಲ ಆ ಕಲ್ಲಿನಲ್ಲಿ, ಆ ಹಿಚುಕುವುದರಲ್ಲಿ ಇತ್ತು. 1768ರಲ್ಲಿ ಲಂಡನ್ನಿನ ಹೆಬರ್ಡನ್ ಎಂಬ ವೈದ್ಯರು ಈ ನೋವನ್ನು ಮೊದಲು ಸ್ಪಷ್ಟವಾಗಿ ವಿವರಿಸಿ ‘ಆಂಜೈನಾ’ ಎಂದು ಹೆಸರಿಟ್ಟರು. ಆ ಲ್ಯಾಟಿನ್ ಶಬ್ದದಲ್ಲಿಯೇ ಹಿಚುಕುವ, ಉಸಿರು ಕಟ್ಟಿಸುವ ಅರ್ಥವಿದೆ. ಎಷ್ಟೋ ಜನ ಇದನ್ನು ನೋವು ಎನ್ನುವುದೇ ಇಲ್ಲ, ಭಾರ ಎನ್ನುತ್ತಾರೆ, ಬಿಗಿತ ಎನ್ನುತ್ತಾರೆ. ಆದ್ದರಿಂದ ರೋಗಿಯ ಮಾತನ್ನು ಇದ್ದಕ್ಕಿದ್ದಂತೆ ದಾಟಿಸಬೇಕು. ಸಾಧ್ಯವಾದರೆ ಹದಿನೈದು ದಿನ ಒಂದು ಸಣ್ಣ ವಹಿಯಲ್ಲಿ ನೋವಿನ ಕಿರ್ದಿ ಬರೆಯಿರಿ. ದಿನ, ಹೊತ್ತು, ಏನು ಮಾಡುತ್ತಿದ್ದಿರಿ, ಏನು ಉಂಡಿದ್ದಿರಿ, ಎಷ್ಟು ನಿಮಿಷ ಇತ್ತು, ಎಂದಿಷ್ಟು ಸಾಕು. ಹಳೆಯ ರಿಪೋರ್ಟು, ಸಿಡಿ ಎಲ್ಲ ಒಂದೇ ಚೀಲದಲ್ಲಿರಲಿ. ಹತ್ತು ವರ್ಷದ ಹಿಂದಿನ ಉದ್ರಿ ಚೀಟಿ ಜೋಪಾನ ಮಾಡುವ ನಾವು ಆಂಜಿಯೋಗ್ರಫಿಯ ಸಿಡಿಯನ್ನು ಮೊಮ್ಮಕ್ಕಳ ಆಟಕ್ಕೆ ಕೊಡುತ್ತೇವೆ!

ಹೃದಯದ್ದಲ್ಲದ ಕಾರಣಗಳೂ ಬೇಕಾದಷ್ಟಿವೆ. ಗೋಣಿ ಎತ್ತಿಳಿಸುವವರಿಗೆ ಪಕ್ಕೆಲುಬು ಎದೆಮೂಳೆಗೆ ಕೂಡುವಲ್ಲಿ ಉರಿಯೂತವಾಗಿ ಬೆರಳಿನಿಂದ ಒತ್ತಿದರೆ ಅದೇ ನೋವು ಬರುತ್ತದೆ. ಜಿಡ್ಡು ಉಂಡ ಮೇಲೆ ಬಲಪಕ್ಕೆಯಿಂದ ಏಳುವ ನೋವು ಪಿತ್ತಕೋಶದ ಕಲ್ಲಿನದಾಗಿರಬಹುದು. ಸರ್ಪಸುತ್ತಿನಲ್ಲಿ ಗುಳ್ಳೆ ಏಳುವ ಕೆಲವು ದಿನ ಮೊದಲೇ ಒಂದೇ ಮಗ್ಗುಲಲ್ಲಿ ಉರಿ ಶುರುವಾಗುತ್ತದೆ.

ಎಲ್ಲಕ್ಕಿಂತ ಸಾಮಾನ್ಯವಾದದ್ದು ಅನ್ನನಾಳ. ಹೊಟ್ಟೆಯ ಆಮ್ಲ ಮೇಲಕ್ಕೆ ಬಂದು ಸುಡುತ್ತದೆ, ಕೆಲವರಲ್ಲಿ ಅನ್ನನಾಳವೇ ಸೆಟೆದು ಹೃದಯದ ನೋವಿನಂತೆಯೇ ಹಿಚುಕುತ್ತದೆ. ಊಟಕ್ಕೂ ಮಲಗುವುದಕ್ಕೂ ಮೂರು ತಾಸು ಅಂತರವಿರಬೇಕೆಂದು ವೈದ್ಯರು ಹೇಳುತ್ತಾರೆ. ಹೊತ್ತು ಮುಳುಗುವ ಮೊದಲೇ ಉಣ್ಣುವ ನಮ್ಮ ಮನೆಗಳಲ್ಲಿ ಇದು ತಾನಾಗಿಯೇ ಆಗುತ್ತಿತ್ತು. ಈಗಿನ ಹುಡುಗರು ಅಂಗಡಿಯ ಷಟರ್ ಎಳೆದು ರಾತ್ರಿ ಹತ್ತಕ್ಕೆ ಉಂಡು ಹತ್ತೂವರೆಗೆ ಹಾಸಿಗೆ ಸೇರುತ್ತಾರೆ.

ಇಲ್ಲಿ ಒಂದು ಮನೆಪರೀಕ್ಷೆಯನ್ನು ನಂಬಬೇಡಿ. ಜೆಲುಸಿಲ್ ಕುಡಿದರೆ ಕಡಿಮೆಯಾಯಿತು, ಆದ್ದರಿಂದ ಗ್ಯಾಸು. ಸಾರ್ಬಿಟ್ರೇಟ್ ನಾಲಿಗೆ ಕೆಳಗಿಟ್ಟರೆ ಕಡಿಮೆಯಾಯಿತು, ಆದ್ದರಿಂದ ಹೃದಯ ಎಂದು ತಾವೇ ತೀರ್ಮಾನಿಸುವವರಿದ್ದಾರೆ. ಸಾರ್ಬಿಟ್ರೇಟ್ ಅನ್ನನಾಳದ ಸೆಟೆತವನ್ನೂ ಸಡಿಲಿಸುತ್ತದೆ. ಹೃದಯದ ನೋವು ತಾನಾಗಿ ಇಳಿಯುವ ಹೊತ್ತಿಗೆ ಸರಿಯಾಗಿ ಜೆಲುಸಿಲ್ ಕುಡಿದಿರಬಹುದು.

ಮನಸ್ಸಿನ ಗಾಬರಿಯಿಂದಲೂ ಎದೆ ನೋಯುತ್ತದೆ. ಎದೆ ಬಡಿದುಕೊಂಡು, ಕೈಬೆರಳು ಜುಮುಗುಟ್ಟಿ, ಸತ್ತೇಹೋಗುತ್ತೇನೆ ಎನ್ನಿಸಿ, ಹತ್ತು ನಿಮಿಷದಲ್ಲಿ ಶಿಖರಕ್ಕೇರಿ ಇಳಿಯುತ್ತದೆ. ಆ ನೋವೂ ನಿಜವಾದದ್ದೇ, ಅದಕ್ಕೂ ಚಿಕಿತ್ಸೆ ಇದೆ. ನಮ್ಮ ತಕರಾರು ಇಷ್ಟೇ: ನಮ್ಮ ಮನೆಗಳಲ್ಲಿ ಗಂಡಸು ಎದೆ ಹಿಡಿದುಕೊಂಡರೆ ಗಾಡಿ ತೆಗೆಯುತ್ತಾರೆ, ಹೆಂಗಸು ಹಿಡಿದುಕೊಂಡರೆ ಅತ್ತೆ-ಸೊಸೆ ಜಗಳವೇನಾದರೂ ಆಯಿತೇ ಎಂದು ಕೇಳುತ್ತಾರೆ. ಮುಟ್ಟು ನಿಂತ ವಯಸ್ಸಿನ ಹೆಂಗಸರಲ್ಲಿ ಸಣ್ಣ ನಾಳದ ತೊಂದರೆ ಹೆಚ್ಚು ಕಾಣುತ್ತದೆ. ಅಮೆರಿಕೆಯಲ್ಲಿ 1996ರಲ್ಲಿ ಹೆಂಗಸರ ಎದೆನೋವಿನ ಮೇಲೆಯೇ ಒಂದು ದೊಡ್ಡ ಅಧ್ಯಯನ ಆರಂಭಿಸಬೇಕಾಯಿತು. ಅಲ್ಲಿನ ಹೃದಯತಜ್ಞರ ಸಂಘಗಳು 2021ರಲ್ಲಿ, ಎದೆನೋವಿಗೆ ‘ವಿಲಕ್ಷಣ’ ಎಂಬರ್ಥದ ಶಬ್ದ ಬಳಸುವುದನ್ನೇ ಬಿಡಿ, ಹೃದಯದ್ದು, ಹೃದಯದ್ದಿರಬಹುದು, ಹೃದಯದ್ದಲ್ಲ ಎಂದು ನೇರವಾಗಿ ಬರೆಯಿರಿ ಎಂದು ವೈದ್ಯರಿಗೇ ಸೂಚಿಸಿದವು.

ಇನ್ನು, ಹಿಂದಿನ ವರ್ಷದ ನಾರ್ಮಲ್ ರಿಪೋರ್ಟು ಈ ಹೊತ್ತಿನ ನೋವಿಗೆ ಜಾಮೀನಲ್ಲ. ಎದೆಯ ಭಾರ ಹತ್ತು ಹದಿನೈದು ನಿಮಿಷವಾದರೂ ಬಿಡದಿದ್ದರೆ, ಬೆವರು, ಉಸಿರುಕಟ್ಟು, ತಲೆಸುತ್ತು ಜೊತೆಗಿದ್ದರೆ, ದವಡೆಗೋ ತೋಳಿಗೋ ಹರಿದರೆ, ಬೆನ್ನಿಗೆ ಸೀಳಿದಂತೆ ಹೊಡೆದರೆ ತಡಮಾಡದೆ 108ಕ್ಕೆ ಕರೆ ಮಾಡಿ. ರಿಪೋರ್ಟಿನ ಚೀಲ ಹುಡುಕುತ್ತ ಕೂಡಬೇಡಿ, ಅದನ್ನು ಹಿಂದಿನಿಂದ ಯಾರಾದರೂ ತಂದಾರು.

ಚಾತುರ್ಮಾಸ ಬಂದಾಗ ಕೆಲವರು ನಮ್ಮನ್ನು ಕೇಳುತ್ತಾರೆ, ಉಪವಾಸದ ದಿನ ಹೃದಯದ ಮಾತ್ರೆ ಬಿಡಬಹುದೇ ಎಂದು. ಇದನ್ನು ವ್ರತ ಹಿಡಿಯುವ ಮೊದಲೇ ವೈದ್ಯರನ್ನು ಕೇಳಬೇಕು, ಹಿಡಿದ ಮೇಲಲ್ಲ. ಕೆಲವು ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ನೋವು ಇಮ್ಮಡಿಯಾಗಿ ಮರಳುತ್ತದೆ. ಯಾವುದನ್ನು ಬೆಳಗಿನ ಹೊತ್ತಿಗೆ ಬದಲಿಸಬಹುದು, ಯಾವುದನ್ನು ಬಿಡಲೇಬಾರದು ಎಂದು ಅವರು ಬರೆದುಕೊಡುತ್ತಾರೆ. ರಕ್ತ ಕಡಿಮೆ ಇರುವ ತಾಯಂದಿರು ಹಿಮೋಗ್ಲೋಬಿನ್, ಬಿ-12 ನೋಡಿಸಿಕೊಂಡೇ ದೀರ್ಘ ಉಪವಾಸಕ್ಕೆ ಕೈ ಹಾಕಲಿ. ಶಾಕಾಹಾರಿಗಳಾದ ನಮ್ಮಲ್ಲಿ ಬಿ-12 ಕೊರತೆ ಸಾಮಾನ್ಯ, ರಕ್ತ ತೆಳುವಾದರೆ ಹೃದಯದ ನೋವು ಬೇಗ ಏಳುತ್ತದೆ. ವೈನಿಯವರು ಕಳೆದ ದಶಲಕ್ಷಣದಲ್ಲಿ ಹತ್ತೂ ದಿನ ಏಕಾಸನ ಮಾಡಿದರು. ಮಾತ್ರೆಗಳನ್ನು ವೈದ್ಯೆ ಬರೆದುಕೊಟ್ಟಂತೆ ಆ ಒಂದು ಊಟದ ಜೊತೆಗೆ ತೆಗೆದುಕೊಂಡರು.