ಡಿಸ್ಕ್ ತಿರುಗುತ್ತಿರುವಾಗಲೇ ಕಾಪಿ ಮಾಡಿಕೊಳ್ಳಿ

ಕಳೆದ ತಿಂಗಳು ಕನ್ನಡ ಸಂಘದ ಬೀರು ಕ್ಲೀನ್ ಮಾಡುವಾಗ ಹಳೇ ಬ್ಯಾನರ್, ಬಾವುಟಗಳ ಕೆಳಗೆ ಹನ್ನೊಂದು ಡಿವಿಡಿ ಸಿಕ್ಕವು. ಮೇಲೆ ಮಾರ್ಕರ್‌ನಲ್ಲಿ 'ರಾಜ್ಯೋತ್ಸವ 2009', 'ನಾಟಕ 2011' ಅಂತ ಬರೆದಿತ್ತು. ನೋಡೋಣ ಅಂದ್ರೆ ನಮ್ಮಲ್ಲಿ ಯಾರ ಲ್ಯಾಪ್‌ಟಾಪ್‌ನಲ್ಲೂ ಡಿವಿಡಿ ಡ್ರೈವ್ ಇಲ್ಲ! ಕೊನೆಗೆ ಲ್ಯಾಬಿನ ಸರ್ ಒಬ್ಬರು ಮನೆಯಿಂದ ಯುಎಸ್‌ಬಿ ಡ್ರೈವ್ ತಂದುಕೊಟ್ಟರು. ಲ್ಯಾಪ್‌ಟಾಪ್ ಜೊತೆಗೇ ಬಂದಿದ್ದ ಪ್ಲೇಯರ್ ಕೈಯೆತ್ತಿತು. ವಿಎಲ್‌ಸಿ ಹಾಕಿದ್ವಿ, ಓಡ್ತು.

ಎಂಟು ಡಿಸ್ಕ್ ಚೆನ್ನಾಗಿ ಓಡಿದವು. ಎರಡು ತಡವರಿಸಿದವು. ಒಂದು ಮಾತ್ರ ಏನು ಮಾಡಿದರೂ ಬಾಯಿ ಬಿಡಲಿಲ್ಲ. ಅದೇ 2011ರ ನಾಟಕ. ಅದರಲ್ಲಿ ಹಾಸ್ಟೆಲ್ ಮೆಸ್ಸಿನ ಅಡುಗೆಯವರೊಬ್ಬರು ರಾಜನ ಪಾತ್ರ ಮಾಡಿದ್ದರಂತೆ. ಅವರು ಈಗಿಲ್ಲ. ಬೇರೆ ಕಾಪಿಯೂ ಇಲ್ಲ.

'ಡಿಸ್ಕ್ ಇದೆಯಲ್ಲ, ಯಾವಾಗ ಬೇಕಾದ್ರೂ ನೋಡಬಹುದು' ಅನ್ನೋ ನಂಬಿಕೆಯೇ ತಪ್ಪು ಎನ್ನುವುದು ನಮ್ಮ ವಾದ. ನಾವು ಬರ್ನ್ ಮಾಡುವ ಡಿವಿಡಿಯಲ್ಲಿ ಮಾಹಿತಿ ಕೂತಿರುವುದು ತೆಳುವಾದ ಬಣ್ಣದ ಪದರದ ಮೇಲೆ. ಬಿಸಿಲು, ಸೆಕೆ, ತೇವಕ್ಕೆ ಅದು ಹಾಳಾಗುತ್ತದೆ. ಗೀರು ಬಿದ್ದರೆ ಡ್ರೈವ್ ಸ್ವಲ್ಪಮಟ್ಟಿಗೆ ಸರಿಪಡಿಸಿಕೊಳ್ಳುತ್ತದೆ. 2048 ಬೈಟ್‌ಗಳ 16 ಸೆಕ್ಟರ್ ಸೇರಿಸಿ, ಅದಕ್ಕೆ ರೀಡ್-ಸಾಲೊಮನ್ ತಿದ್ದುಪಡಿ ಕೋಡ್ ಕೊಟ್ಟಿರುತ್ತಾರೆ. ಕೋಡಿಂಗ್ ಥಿಯರಿ ಕ್ಲಾಸಲ್ಲಿ ನಾವು ನಿದ್ದೆ ಮಾಡಿದ ಪಾಠವೇ ಇದು! ಆದರೆ ಹಾನಿ ಮಿತಿ ಮೀರಿದರೆ ಯಾವ ಪ್ಲೇಯರೂ ಏನೂ ಮಾಡಲಾರದು.

ಇನ್ನೊಂದು ತಪ್ಪು ನಾವೇ ಮಾಡೋದು. ಡಿಸ್ಕ್ ತೆರೆದರೆ ವಿಡಿಯೋ_ಟಿಎಸ್ ಅನ್ನೋ ಫೋಲ್ಡರ್ ಕಾಣುತ್ತೆ. ಒಳಗೆ ದೊಡ್ಡ ದೊಡ್ಡ ವಿಒಬಿ ಫೈಲ್‌ಗಳು, ಪಕ್ಕದಲ್ಲಿ ಪುಟ್ಟ ಐಎಫ್‌ಒ ಫೈಲ್‌ಗಳು. 'ದೊಡ್ಡದರಲ್ಲೇ ಸಿನಿಮಾ ಇರೋದು' ಅಂತ ವಿಒಬಿ ಮಾತ್ರ ಕಾಪಿ ಮಾಡ್ತೀವಿ. ಚಿತ್ರ, ಧ್ವನಿ ಅದರಲ್ಲೇ ಇರುವುದು ನಿಜ. ಆದರೆ ಪ್ಲೇಯರ್ ಮೊದಲು ಓದುವುದು ಐಎಫ್‌ಒ. ಯಾವ ಅಧ್ಯಾಯ ಯಾವ ಸೆಕ್ಟರ್‌ನಲ್ಲಿದೆ, ಯಾವ ಭಾಷೆಯ ಧ್ವನಿ ಎಲ್ಲಿದೆ, ಸಬ್‌ಟೈಟಲ್‌ಗೆ ಯಾವ ಬಣ್ಣ, ಎಲ್ಲಾ ಅಲ್ಲಿರುತ್ತೆ. ಅದು ಅಷ್ಟು ಮುಖ್ಯ ಅಂತಲೇ ಬಿಯುಪಿ ಹೆಸರಲ್ಲಿ ಅದರ ನಕಲನ್ನೂ ಡಿಸ್ಕ್‌ನಲ್ಲಿ ಇಟ್ಟಿರುತ್ತಾರೆ. ವಿಒಬಿ ಮಾತ್ರ ಎತ್ತಿಕೊಂಡು ಬರೋದು ಅಂದ್ರೆ ಪರಿವಿಡಿ ಹರಿದುಹಾಕಿ ಪುಸ್ತಕ ತಂದ ಹಾಗೆ.

ಇಷ್ಟನ್ನೆಲ್ಲ ಓದುವ ವಿದ್ಯೆ ನಮ್ಮ ಕೈಗೆ ಸುಮ್ಮನೆ ಬರಲಿಲ್ಲ. ಅಂಗಡಿಯ ಸಿನಿಮಾ ಡಿವಿಡಿಗಳಿಗೆ 40 ಬಿಟ್‌ಗಳ ಕೀಲಿಯ ಬೀಗ ಹಾಕಿರುತ್ತಿದ್ದರು. ಲೈಸೆನ್ಸ್ ಪಡೆದ ಪ್ಲೇಯರ್‌ಗೆ ಮಾತ್ರ ಅದು ತೆರೆಯಬೇಕಿತ್ತು. 1999ರಲ್ಲಿ ಡಿಸಿಎಸ್‌ಎಸ್ ಎಂಬ ಪ್ರೋಗ್ರಾಂ ಆ ಬೀಗ ತೆಗೆಯಿತು. ಅದರಲ್ಲಿ ಪಾಲಿದ್ದ ನಾರ್ವೆಯ ಹುಡುಗ ಯೋನ್ ಯೋಹಾನ್ಸನ್ ಮೇಲೆ ಕೇಸು ನಡೆದು, 2003ರಲ್ಲಿ ಖುಲಾಸೆಯಾಯಿತು. ಇನ್ನು ವಿಎಲ್‌ಸಿ ಹುಟ್ಟಿದ್ದು ಪ್ಯಾರಿಸ್‌ನ ಇಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ, 1996ರಲ್ಲಿ. 2001ರಲ್ಲಿ ಅದರ ಸೋರ್ಸ್ ಕೋಡ್ ಎಲ್ಲರಿಗೂ ಮುಕ್ತವಾಯಿತು. ನಮ್ಮಂಥವರೇ ಬರೆದದ್ದು ಅನ್ನೋದನ್ನ ಮರೆಯಬೇಡಿ. ಓದುವ ವಿಧಾನ ಒಂದು ಕಂಪನಿಯ ಪೆಟ್ಟಿಗೆಯಲ್ಲಿದ್ದರೆ, ಆ ಕಂಪನಿಗೆ ಬೇಡವಾದ ದಿನ ನಮ್ಮ ನೆನಪುಗಳಿಗೂ ಬೀಗ ಬೀಳುತ್ತದೆ.

'ಈಗ ಎಲ್ಲಾ ಆನ್‌ಲೈನಲ್ಲೇ ಇದೆ, ಡಿಸ್ಕ್ ಯಾರಿಗೆ ಬೇಕು?' ಅಂತ ಕೆಲವರು ಕೇಳ್ತಾರೆ. ಸಿನಿಮಾ ಇರಬಹುದು ಸ್ವಾಮಿ, ನಿಮ್ಮ ಅಕ್ಕನ ಮದುವೆ ಇದೆಯಾ? ನಿಮ್ಮ ಅಜ್ಜಿ ಹಾಡಿದ ಸೋಬಾನೆ ಇದೆಯಾ?

ಹಾಗಾಗಿ ನಮ್ಮ ಕೋರಿಕೆ ಇಷ್ಟೇ. ದೀಪಾವಳಿಗೆ ಊರಿಗೆ ಹೋದಾಗ ಟಿವಿ ಸ್ಟ್ಯಾಂಡಿನ ಕೆಳಗಿನ ಡ್ರಾ ತೆಗೆದು ನೋಡಿ. ಮನೆಯವರದೇ ರೆಕಾರ್ಡಿಂಗ್ ಇರುವ ಡಿಸ್ಕ್‌ಗಳನ್ನು ಬಟ್ಟೆಯಲ್ಲಿ ಸುತ್ತಿ ತನ್ನಿ. ಫೈಲ್ ಆರಿಸಿ ಕಾಪಿ ಮಾಡೋದು ಬೇಡ. ಇಡೀ ಡಿಸ್ಕನ್ನು ಐಎಸ್‌ಒ ಆಗಿ ಇಳಿಸೋಣ. ತಡವರಿಸುವ ಡಿಸ್ಕ್‌ಗೆ ಡಿಡಿರೆಸ್ಕ್ಯೂ ಇದೆ. ಓದಲು ಬರುವ ಭಾಗ ಮೊದಲು ತೆಗೆದು, ಉಳಿದದ್ದಕ್ಕೆ ಮತ್ತೆ ಮತ್ತೆ ಪ್ರಯತ್ನಿಸುತ್ತೆ. ನಮ್ಮ ಆ ಎರಡು ಡಿಸ್ಕ್ ಬದುಕಿದ್ದು ಹಾಗೇ.

ಆ ರಾಜನನ್ನು ನಾವು ನೋಡಲಾಗಲಿಲ್ಲ. ನಿಮ್ಮ ಮನೆಯವರನ್ನಾದರೂ ಉಳಿಸಿಕೊಳ್ಳೋಣ. ಡ್ರೈವ್ ಸಂಘದ ರೂಮಿನಲ್ಲಿದೆ, ಡಿಸ್ಕ್ ನೀವು ತನ್ನಿ.